ಡೇರಿ ಎಲೆಕ್ಷನ್ನಿಗೆ ನಿಂತ ಮೂತ್ರಪಿಂಡ

ನಮ್ಮ ಮನೆಯ ನೆಮ್ಮದಿ ಕೆಟ್ಟದ್ದು ಒಂದು ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಹೊಸಕೋಟೆಯ ಸ್ಕ್ಯಾನಿಂಗ್ ಸೆಂಟರಿನ ಆ ಕೋಣೆಯಲ್ಲಿ ಗೋಡೆ ಗಡಿಯಾರ ಬಿಟ್ಟರೆ ನೋಡುವುದಕ್ಕೆ ಬೇರೇನೂ ಇರಲಿಲ್ಲ, ಹಾಗಾಗಿ ಹೊತ್ತು ನೆನಪಿದೆ. ನಮ್ಮನೆಯವರು ಅಂಗಿ ಮೇಲೆತ್ತಿಕೊಂಡು ಮಲಗಿದ್ದರು. ಹೊಟ್ಟೆಯುರಿ ಎಂದು ಬಂದಿದ್ದೆವು. ಅದಕ್ಕೆ ಕಾರಣ ಹಿಂದಿನ ಭಾನುವಾರದ ಬೀಗರೂಟ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಸ್ಕ್ಯಾನ್ ಮಾಡಿಸದೆ ಇರುವುದು ಹೇಗೆ. ಸ್ಕ್ಯಾನ್ ಮಾಡುತ್ತಿದ್ದ ಲೇಡಿ ಡಾಕ್ಟರು ಭುಜ ಮತ್ತು ಕಿವಿಯ ನಡುವೆ ಫೋನ್ ಸಿಕ್ಕಿಸಿಕೊಂಡು, ಯಾರದೋ ನಾಮಕರಣಕ್ಕೆ ಉಡುವ ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತ, ಹೊಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಹಾಗೆ ಯಂತ್ರ ಓಡಿಸುತ್ತಿದ್ದರು. ಎಡಪಕ್ಕೆಗೆ ಬಂದಾಗ ಯಂತ್ರ ನಿಂತಿತು. ಸ್ವಲ್ಪ ಹಿಂದೆ ಹೋಯಿತು, ಮತ್ತೆ ನಿಂತಿತು. "ಆಮೇಲೆ ಮಾಡ್ತೀನಿ ಕಣೆ" ಎಂದು ಫೋನ್ ಇಟ್ಟರು. ಸೀರೆಯ ಮಾತನ್ನು ಅರ್ಧಕ್ಕೆ ನಿಲ್ಲಿಸುವಂಥದ್ದು ನನ್ನ ಗಂಡನ ಹೊಟ್ಟೆಯಲ್ಲಿ ಏನಿದೆ ಎಂದು ನಾನು ಎದ್ದು ಪರದೆಯ ಹತ್ತಿರ ಹೋದೆ.

ನಾನು ಸೂಲಿಬೆಲೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವರೆಕಾಳಿನ ಆಕಾರದಲ್ಲಿರುತ್ತದೆ, ಸೊಂಟದ ಮೇಲ್ಭಾಗದಲ್ಲಿ ಬೆನ್ನಿನ ಕಡೆ ಇರುತ್ತದೆ, ರಕ್ತ ಸೋಸುತ್ತದೆ ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಮೂತ್ರಪಿಂಡ ಬಿಡಿಸುತ್ತೇನೆ. ಭಾಗ ಗುರುತಿಸದವರಿಗೆ ಅಂಕ ಕೊಡುವುದಿಲ್ಲ. ಆ ದಿನ ಪರದೆಯ ಮೇಲೆ ನನ್ನ ಗಂಡನ ಮೂತ್ರಪಿಂಡ ಬಂದಾಗ ನನಗೆ ಒಂದು ಭಾಗವೂ ಗುರುತಾಗಲಿಲ್ಲ. ಬೂದಿ ಕಲಸಿದ ನೀರಿನ ಹಾಗೆ ಕಂಡಿತು. ನಾನು ನನಗೆ ಸೊನ್ನೆ ಕೊಟ್ಟುಕೊಂಡೆ.

ಅದೇ ವಾರ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಇನ್ನೂ ದೊಡ್ಡ ಸ್ಕ್ಯಾನ್ ಆಯಿತು. ಮೂತ್ರಪಿಂಡದ ಡಾಕ್ಟರು ನಿಧಾನದ ಮನುಷ್ಯ. ಕನ್ನಡಕ ಹಣೆಗೆ ಏರಿಸಿ ಹೇಳಿದರು.

"ಎಡಗಡೆ ಕಿಡ್ನಿಲಿ ಒಂದು ಗಡ್ಡೆ ಇದೆ. ಚಿಕ್ಕದು, ನೆಲ್ಲಿಕಾಯಿಗಿಂತ ಸ್ವಲ್ಪ ಸಣ್ಣದು ಅಂದ್ಕೊಳ್ಳಿ. ಇಂಥವು ಬಹಳಷ್ಟು ಕ್ಯಾನ್ಸರೇ ಆಗಿರ್ತಾವೆ, ಕೆಲವು ಆಗಿರಲ್ಲ. ಆದ್ರೆ ಈ ಸೈಜಲ್ಲಿ ಇರೋವಾಗ ಸಾಮಾನ್ಯವಾಗಿ ನಿಧಾನಕ್ಕೆ ಬೆಳೀತಾವೆ, ಬೇಗ ಬೇರೆ ಕಡೆ ಹರಡಲ್ಲ."

ಆಮೇಲೆ ದಾರಿಗಳನ್ನು ಹೇಳಿದರು. ಗಡ್ಡೆಯಿರುವ ಭಾಗವನ್ನು ಮಾತ್ರ ಕತ್ತರಿಸಿ ತೆಗೆಯಬಹುದು. ಚರ್ಮದ ಮೂಲಕ ಸೂಜಿ ಹಾಕಿ ಸುಡಬಹುದು. ಇಲ್ಲವೇ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತ, ಬೆಳೆಯುತ್ತಿದೆಯೋ ಇಲ್ಲವೋ ಎಂದು ಕಾಯಬಹುದು. ನಮ್ಮನೆಯವರಿಗೆ ಮೊದಲೇ ಶುಗರ್ ಇದ್ದದ್ದರಿಂದ ಎರಡೂ ಮೂತ್ರಪಿಂಡಗಳು ಸ್ವಲ್ಪ ಮಂಕಾಗಿದ್ದವು. ಇರುವುದನ್ನು ಕತ್ತರಿಸಿ ಕಳೆದುಕೊಳ್ಳುವ ಆತುರ ಬೇಡ ಎನ್ನುವುದು ಅವರ ಅಭಿಪ್ರಾಯ.

"ಅಂದ್ರೆ ಏನೂ ಮಾಡಲ್ವಾ ಡಾಕ್ಟ್ರೇ" ಎಂದು ನಮ್ಮನೆಯವರು ಕೇಳಿದರು.

"ಮಾಡ್ತೀವಲ್ಲ. ನೋಡ್ತಾ ಇರ್ತೀವಿ. ನೀವು ಒಂದೇ ಒಂದು ಮಾಡಬೇಕು. ನೋವಿನ ಮಾತ್ರೆ ನುಂಗಬೇಡಿ, ನಾಟಿ ಔಷಧಿ ಕುಡಿಯಬೇಡಿ. ಇರೋ ಕಿಡ್ನೀನ ಹಾಳು ಮಾಡ್ಕೋಬೇಡಿ."

ಇಷ್ಟು ಸರಳವಾದ ಮಾತನ್ನು ನಾವು ಎಂಥ ಶ್ರದ್ಧೆಯಿಂದ ಮುರಿದೆವು ಎಂಬುದೇ ಮುಂದಿನ ಕಥೆ.

ಊರಿಗೆ ಬಂದಾಗ ನಮ್ಮ ಹಾಲಿನ ಡೇರಿಯ ಎಲೆಕ್ಷನ್ ದಿನ ಗೊತ್ತಾಗಿತ್ತು. ಹೊರಗಿನವರಿಗೆ ಡೇರಿ ಎಂದರೆ ಹಾಲು ಅಳೆಯುವ ಜಾಗ. ನಮ್ಮ ಹೋಬಳಿಯ ಹಳ್ಳಿಗಳಲ್ಲಿ ವಿಧಾನಸೌಧ ಇರುವುದೇ ಅಲ್ಲಿ. ಎಂಎಲ್ಎ ಯಾರಾದರೆ ಏನು, ನಿಮ್ಮ ಹಾಲಿಗೆ ನೀರು ಬಿದ್ದಿದೆ ಅಂತ ಬೆಳ್ಳಂಬೆಳಗ್ಗೆ ಎಲ್ಲರ ಎದುರು ಹೇಳಬಲ್ಲವರು ಡೇರಿಯವರು. ಅಲ್ಲಿ ಡೈರೆಕ್ಟರ್ ಆಗಬೇಕೆಂಬುದು ನಮ್ಮನೆಯವರ ಬಹುದಿನದ ಆಸೆ. ಆಸ್ಪತ್ರೆಯಿಂದ ಬರುವಾಗ ಬಾಡಿಗೆ ಕಾರಿನಲ್ಲಿ ಅವರು ಆಡಿದ ಮೊದಲ ಮಾತು ಗಡ್ಡೆಯ ಬಗ್ಗೆ ಅಲ್ಲ. "ನಾಮಿನೇಷನ್ನಿಗೆ ನಾನೇ ಹೋಗ್ಬೇಕು ಅಲ್ವೇನೇ?"

ಮನೆಯಲ್ಲಿ ಅವರ ಅಕ್ಕ ಕಾದು ಕೂತಿದ್ದರು. ನನ್ನ ಈ ನಾದಿನಿಯನ್ನು ಅದೇ ಊರಿಗೆ ಕೊಟ್ಟಿದೆ, ಮುಂದಿನ ಬೀದಿಯ ಮನೆ. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಅವರದೇ ತೀರ್ಪು. ಅಪೀಲು ಇಲ್ಲ. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ಮುಗಿಸಿದೆ.

"ನೋಡ್ತಾ ಇರೋಕೆ ಅದೇನು ಸೀರಿಯಲ್ಲಾ?" ಎಂದರು. "ಹಸೀಗೆ ಕೆಚ್ಚಲು ಬಾವು ಬಂದ್ರೆ ಡಾಕ್ಟ್ರು ನೋಡ್ತಾ ನಿಂತ್ಕೋತಾನಾ? ಓದ್ದೋರು ಮಾತಾಡೋ ಮಾತಾ ಇದು?"

"ಅಕ್ಕ, ಈಗ ಕುಯ್ದ್ರೆ ಇರೋ ಕಿಡ್ನಿಗೂ ತೊಂದ್ರೆ ಆಗ್ಬೋದು ಅಂತ..."

"ಕುಯ್ಯೋ ವಿಷ್ಯ ಆಮೇಲೆ. ಊರೋರಿಗೆ ಏನಂತ ಹೇಳೋದು?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನಮ್ಮನೆಯವರಿಗೆ ಕಾರಿನಲ್ಲೇ ಹೊಳೆದಿತ್ತು ಎಂದು ಅವರ ಮುಖ ನೋಡಿದ ಮೇಲೆ ತಿಳಿಯಿತು.

"ಗಡ್ಡೆ ಅಂದ್ರೆ ನಾಳೇನೇ ತಿಥಿ ಊಟಕ್ಕೆ ಎಲೆ ಲೆಕ್ಕ ಹಾಕ್ತಾರೆ" ಎಂದರು ನಾದಿನಿ. "ಐದು ವರ್ಷದ ಕುರ್ಚಿಗೆ ಅರ್ಧದಲ್ಲಿ ಹೋಗೋನಿಗೆ ಯಾವನು ವೋಟ್ ಹಾಕ್ತಾನೆ? ಕಲ್ಲು ಅಂತ ಹೇಳಿ. ಕಿಡ್ನೀಲಿ ಕಲ್ಲು."

ತೀರ್ಪು ಆಯಿತು. ಒಪ್ಪಿಕೊಳ್ಳಬೇಕು, ಅದರಲ್ಲಿ ಒಂದು ಜಾಣತನವಿತ್ತು. ನಮ್ಮ ಕಡೆ ಮೂತ್ರಪಿಂಡದ ಕಲ್ಲು ಎಂದರೆ ಮರ್ಯಾದಸ್ಥ ಕಾಯಿಲೆ. ಬೋರ್‌ವೆಲ್ ನೀರು ಕುಡಿದವರ ಮನೆಯಲ್ಲಿ ಒಂದಲ್ಲ ಒಂದು ಕಲ್ಲು ಆಗಿಯೇ ಇರುತ್ತದೆ. ಅದನ್ನು ಉದುರಿಸಿಕೊಂಡವರು ಯುದ್ಧ ಗೆದ್ದವರ ಹಾಗೆ ವರ್ಣಿಸುತ್ತಾರೆ. ಕಲ್ಲಿರುವವನು ಸಾಯುವುದಿಲ್ಲ, ಕಿರುಚುತ್ತಾನೆ ಅಷ್ಟೆ. ಕಿರುಚುವವನಿಗೆ ವೋಟು ಹಾಕಲು ಯಾರ ಅಡ್ಡಿಯೂ ಇಲ್ಲ. ನಾನು ಬೇಡ ಎಂದೆ, ಎರಡು ಸಲ ಎಂದೆ. "ಎಲೆಕ್ಷನ್ ಮುಗಿಯೋವರ್ಗೂ ಕಣೆ" ಎಂದರು ನಮ್ಮನೆಯವರು.

ಆದರೆ ಯಾರೂ ಯೋಚಿಸದ ಒಂದು ಸಂಗತಿಯಿತ್ತು. ಗಡ್ಡೆಗೆ ನಮ್ಮ ಊರಿನಲ್ಲಿ ಯಾರ ಬಳಿಯೂ ಮದ್ದಿಲ್ಲ. ಕಲ್ಲಿಗೆ ಪ್ರತಿ ಮನೆಯಲ್ಲೂ ಇದೆ. ವೋಟು ಕೇಳಲು ಹೊರಟ ಮನುಷ್ಯ, ವೋಟು ಇರುವವನು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಕಾಫಿ ಕುಡಿಯದಿದ್ದರೇ "ನಮ್ಮನೆ ಕಾಫಿ ಸೇರಲ್ವೇನೋ" ಎಂದು ಬೇಜಾರಾಗುವ ಜನ.

ಮಾರನೇ ದಿನದಿಂದಲೇ ಮೆರವಣಿಗೆ ಶುರುವಾಯಿತು. ಒಬ್ಬರು ಬಾಳೆದಿಂಡು ರುಬ್ಬಿ ಚೊಂಬಿನಲ್ಲಿ ತಂದರು. ಇನ್ನೊಬ್ಬರು ಹುರುಳಿ ಬೇಯಿಸಿದ ಕಟ್ಟು ತಂದರು. ಕಾಡುಬಸಳೆಯ ಎಲೆಯನ್ನು ಬರಿಹೊಟ್ಟೆಯಲ್ಲಿ ಅಗಿಯಬೇಕೆಂದು ಒಬ್ಬರು ಗಿಡವನ್ನೇ ಕಿತ್ತು ತಂದು ನಮ್ಮ ಹಿತ್ತಿಲಲ್ಲಿ ನೆಟ್ಟರು. ಎದುರು ಪಾರ್ಟಿಯ ಅಭ್ಯರ್ಥಿಯ ಚಿಕ್ಕಪ್ಪನೂ ಬಂದ. "ರಾಜಕೀಯ ಬೇರೆ, ಕಲ್ಲು ಬೇರೆ" ಎಂದು ಬಾರ್ಲಿ ಪೊಟ್ಟಣ ಇಟ್ಟುಹೋದ. ಡೇರಿ ಬಾಗಿಲಲ್ಲಿ ಕೂರುವ ಗೆಳೆಯರ ಬಳಗದ ಔಷಧಿ ಒಂದೇ.

"ದಿನಾ ಎರಡು ಬಿಯರ್ ಬಿಡು ಗುರು. ಕಲ್ಲು ತಾನೇ ಕೈ ಮುಗ್ದು ಆಚೆ ಬರ್ತದೆ."

"ಶುಗರ್ ಅದೆ ಕಣ್ರೋ ನಂಗೆ."

"ಹಂಗಾದ್ರೆ ಒಂದು ಬಿಡು."

ಇದೆಲ್ಲ ನೋಡುತ್ತ ನಾನು ಸ್ಕೂಲಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಬಿಡುವಿದ್ದಾಗಲೆಲ್ಲ ಮೊಬೈಲಿನಲ್ಲಿ ಗಡ್ಡೆಯ ಬಗ್ಗೆ ಓದುತ್ತಿದ್ದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಕತ್ತರಿಸುವುದು ಒಳ್ಳೆಯದು ಎನ್ನುವವರಿಗೆ ಕಾರಣವಿದೆ, ಸುಡುವುದು ಒಳ್ಳೆಯದು ಎನ್ನುವವರಿಗೆ ಕಾರಣವಿದೆ, ಕಾಯುವುದು ಒಳ್ಳೆಯದು ಎನ್ನುವವರಿಗೂ ಕಾರಣವಿದೆ. ಮೂರರಲ್ಲಿ ಯಾವುದನ್ನು ಆರಿಸಿದರೂ ಉಳಿದ ಎರಡು ನನ್ನನ್ನು ಬಯ್ಯುತ್ತವೆ. ಎರಡನೇ ಅಭಿಪ್ರಾಯ ಇರಲಿ ಎಂದು ನಮ್ಮನೆಯವರನ್ನು ಹೊರಡಿಸಿಕೊಂಡು ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರಿಗೆ ಆತುರ. ಮುಂದಿನ ವಾರವೇ ರೋಬೋಟಿನಲ್ಲಿ ತೆಗೆದುಬಿಡುತ್ತೇವೆ ಎಂದರು. ರೋಬೋಟು ಒಂದು ದ್ರಾಕ್ಷಿಯ ಸಿಪ್ಪೆ ಬಿಡಿಸಿ ಮತ್ತೆ ಹೊಲಿಯುವ ವಿಡಿಯೋ ತೋರಿಸಿದರು. ನಮ್ಮನೆಯವರು ಕೈಕಟ್ಟಿಕೊಂಡು ಪೂರ್ತಿ ನೋಡಿದರು. ಹೊರಗೆ ಬಂದು ಕೇಳಿದರು.

"ಅಲ್ಲ ಕಣೆ, ಹೊಲಿದ್ಮೇಲೆ ಆ ದ್ರಾಕ್ಷಿ ಏನಾಯ್ತು ಅಂತ ಹೇಳ್ಲೇ ಇಲ್ವಲ್ಲ."

ನನಗೆ ಆ ಗಡ್ಡೆ ಹೊರಗೆ ಬಂದರೆ ಸಾಕಾಗಿತ್ತು. ಊಟಕ್ಕೆ ಕೂತಾಗ ಅವರ ಎಡಪಕ್ಕೆಯನ್ನೇ ನೋಡುತ್ತಿದ್ದೆ. ಒಳಗೆ ಅದೂ ಮುದ್ದೆ ಉಂಡು ಬೆಳೆಯುತ್ತಿದೆ ಎನಿಸುತ್ತಿತ್ತು. ಅವರಿಗೆ ಅದರ ನೆನಪು ಬರುತ್ತಿದ್ದದ್ದು ಯಾರಾದರೂ ಚೊಂಬು ಹಿಡಿದು ಬಂದಾಗ ಮಾತ್ರ. ಹಾಗೆಂದು ನಾನು ತಿಳಿದಿದ್ದೆ.

ಎಲೆಕ್ಷನ್ನಿಗೆ ಎರಡು ವಾರ ಇರುವಾಗ ಯಜಮಾನಪ್ಪ ಬಂದರು. ಇದು ಹೆಸರಲ್ಲ, ಊರಿನವರು ಅವರನ್ನು ಕರೆಯುವ ಬಗೆ. ಮಕ್ಕಳು, ತಮ್ಮಂದಿರು, ತಮ್ಮಂದಿರ ಮಕ್ಕಳು ಎಲ್ಲರೂ ಡೇರಿಯ ಸದಸ್ಯರು. ಆ ಮನೆಯ ವೋಟು ಬಿದ್ದ ಕಡೆ ತಕ್ಕಡಿ ಕೂರುತ್ತದೆ. ಗಡಿಯಾಚೆಯ ಯಾವುದೋ ಊರಿನ ನಾಟಿ ವೈದ್ಯನಿಂದ ಅವರು ಕಪ್ಪು ಪುಡಿಯ ಡಬ್ಬಿ ತಂದಿದ್ದರು.

"ನನ್ನ ಕಲ್ಲು ಇದ್ರಿಂದ್ಲೇ ಹೋಗಿದ್ದು ಕಣಪ್ಪಾ. ಗೋಲಿ ಗಾತ್ರ ಇತ್ತು. ಬೆಳಿಗ್ಗೆ ಎದ್ದು ಬಿಸಿನೀರಲ್ಲಿ ಕುಡಿ. ಒಂದಿನಾನೂ ತಪ್ಪಿಸ್ಬೇಡ."

"ಇದ್ರಲ್ಲಿ ಏನೇನಿದೆ ಯಜಮಾನಪ್ಪ?" ಎಂದು ನಾನು ಕೇಳಿದೆ.

"ಬೇರು ಕಣಮ್ಮ. ಏನ್ ಬೇರು ಅಂತ ಅವ್ನು ಹೆಂಡ್ತಿಗೂ ಹೇಳಲ್ಲ. ಹೇಳಿದ್ರೆ ಕೆಲ್ಸ ಮಾಡಲ್ವಂತೆ."

ಹೆಸರು ಗೊತ್ತಾದ ಕೂಡಲೇ ಕೆಲಸ ನಿಲ್ಲಿಸುವ ವಸ್ತುವಿನ ಬಗ್ಗೆ ನನ್ನ ಬಿ.ಎಸ್ಸಿ.ಯಲ್ಲಿ ಯಾವ ಪಾಠವೂ ಇರಲಿಲ್ಲ. ಯಜಮಾನಪ್ಪ ಹೋದ ಮೇಲೆ ಡಬ್ಬಿಯನ್ನು ತಿಪ್ಪೆಗೆ ಎಸೆಯುತ್ತೇನೆ ಎಂದೆ. ಡಾಕ್ಟರು ಬೇಡ ಎಂದದ್ದು ಇದನ್ನೇ ಎಂದು ನೆನಪಿಸಿದೆ. ನಮ್ಮನೆಯವರು ತಲೆಯಾಡಿಸಿದರು. ಆದರೆ ಯಜಮಾನಪ್ಪ ಅಷ್ಟಕ್ಕೆ ಬಿಡುವವರಾಗಿರಲಿಲ್ಲ. ಮಾರನೇ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಸೀದಾ ನಮ್ಮ ಜಗಲಿಗೆ ಬಂದು ಕೂತರು. "ತಗೊಂಬಾರಮ್ಮ ಬಿಸ್ನೀರು, ನನ್ನೆದುರ್ಗೇ ಕುಡೀಲಿ." ದಿನವೂ ಬಂದರು. ಕುಡಿಯುವ ತನಕ ಎದ್ದು ಹೋಗುತ್ತಿರಲಿಲ್ಲ. ಮೂರನೇ ದಿನದಿಂದ ನಾನು ಬಿಸಿನೀರು ಕೊಡುವುದನ್ನು ನಿಲ್ಲಿಸಿದೆ. ನಾದಿನಿ ತಮ್ಮ ಮನೆಯಿಂದ ಕಾಯಿಸಿ ತಂದರು.

"ಇಷ್ಟು ವೋಟು ಒಂದು ಲೋಟದಲ್ಲಿ ಬರ್ತಾವೆ" ಎಂದರು ನನ್ನ ಕಡೆ ತಿರುಗಿ. "ನೀನು ಸುಮ್ನೆ ಸ್ಕೂಲಿಗೆ ಹೋಗು."

ಆಮೇಲೆ ಆದದ್ದನ್ನು ನಾನು ಈಗಲೂ ದಿನಕ್ಕೆ ಒಂದೆರಡು ಸಲ ಮೊದಲಿನಿಂದ ನೋಡುತ್ತೇನೆ. ನೋಡಬೇಕೆಂದು ನೋಡುವುದಲ್ಲ. ಪಾಠ ಮಾಡುತ್ತಿರುವಾಗ, ಸಾರಿಗೆ ಒಗ್ಗರಣೆ ಹಾಕುವಾಗ ಅದೇ ಬಂದು ನಿಲ್ಲುತ್ತದೆ. ಒಂದು ಭಾನುವಾರ ಬೆಳಿಗ್ಗೆ. ಪ್ರಚಾರಕ್ಕೆ ಹೊರಡಲು ಬಿಳಿ ಅಂಗಿ ಹಾಕಿಕೊಂಡು ಹೊಸಿಲಿಗೆ ಬಂದವರು ಚಪ್ಪಲಿ ಮೆಟ್ಟಲು ನೋಡಿದರು. ಪಾದ ಒಳಗೆ ಹೋಗಲಿಲ್ಲ. ಊದಿಕೊಂಡಿತ್ತು. ಎರಡು ದಿನದಿಂದ ವಾಂತಿ ಬರುವ ಹಾಗಿದೆ, ಸೊಂಟ ನೋಯುತ್ತಿದೆ ಎನ್ನುತ್ತಿದ್ದರು. ಕಣ್ಣಿನ ಕೆಳಗೂ ಬಾವು ಇದ್ದದ್ದನ್ನು ಆಗ ಕಂಡೆ. ಒಂದಕ್ಕೆ ಹೋಗಿದ್ದು ಯಾವಾಗ ಎಂದು ಕೇಳಿದೆ. ಯೋಚಿಸಿದರು.

"ನಿನ್ನೆ ಇರ್ಬೇಕು" ಎಂದರು. "ಸ್ವಲ್ಪ."

ನಾದಿನಿ ಬಂದು ನೋಡಿ, "ಕಲ್ಲು ಜರುಗಿ ಅಡ್ಡ ನಿಂತದೆ" ಎಂದರು. ಆ ಕಲ್ಲನ್ನು ಹುಟ್ಟಿಸಿದ್ದೇ ಅವರು ಎಂಬುದು ಅವರಿಗೇ ಮರೆತುಹೋಗಿತ್ತು. ಕಾರು ಬೇಕಿತ್ತು. ಹತ್ತಿರದಲ್ಲಿ ಇದ್ದದ್ದು ಯಜಮಾನಪ್ಪನ ಹಿರಿಮಗನ ಕಾರು. ಆತ ಒಳ್ಳೆಯವನು, ಕೇಳಿದ ಕೂಡಲೇ ತಂದ. ಹೊಸಕೋಟೆ ದಾಟಿ ಬೆಂಗಳೂರಿನ ಕಡೆ ಹೋಗುವ ತನಕ, "ನಮ್ಮಪ್ಪಂಗೂ ಹಿಂಗೇ ಆಗಿತ್ತು ಅಕ್ಕ, ಉದುರೋ ಮುಂಚೆ ಹಿಂಗೇ ಆಡಿಸ್ತದೆ" ಎಂದು ನನಗೆ ಧೈರ್ಯ ಹೇಳುತ್ತಿದ್ದ. ನಾದಿನಿ ಮುಂದಿನ ಸೀಟಿನಲ್ಲಿದ್ದರು. ಹಿಂದಿನ ಸೀಟಿನಲ್ಲಿ ನಮ್ಮನೆಯವರು ನನ್ನ ಭುಜಕ್ಕೆ ತಲೆ ಇಟ್ಟು ಬಿಕ್ಕಳಿಸುತ್ತಿದ್ದರು. ಟೋಲಿನ ಹತ್ತಿರ ಗಾಡಿಗಳು ನಿಂತಿದ್ದವು. ಅಷ್ಟು ನಿಧಾನವಾಗಿ ಚಲಿಸುವ ಜಗತ್ತನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಮ್ಮ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಭಾನುವಾರ ಇದ್ದದ್ದು ಒಬ್ಬ ಎಳೆಯ ಡಾಕ್ಟರು. ನಾನು ಕೌಂಟರಿನಲ್ಲಿ ಹಳೆಯ ರಿಪೋರ್ಟುಗಳ ಚೀಲ ಬಿಚ್ಚುತ್ತಿದ್ದಾಗ, ಅವರು ಒಳಗೆ ನಮ್ಮವರನ್ನು ಏನಾಯಿತು ಎಂದು ಕೇಳಿದರು. ಮಂಚದ ಪಕ್ಕ ನಾದಿನಿ ನಿಂತಿದ್ದರು. ಅವರ ಪಕ್ಕ ಯಜಮಾನಪ್ಪನ ಮಗ ನಿಂತಿದ್ದ.

"ಕಿಡ್ನೀಲಿ ಕಲ್ಲು ಸಾರ್, ಸೊಂಟ ನೋವು" ಎಂದರು ನಾದಿನಿ.

"ಏನಾದ್ರೂ ನಾಟಿ ಔಷಧಿ ತಗೊಂಡಿದ್ದಾರಾ?"

ನಾನು ಒಳಗೆ ಬಂದದ್ದು ಆ ಪ್ರಶ್ನೆಗೆ. ನಾದಿನಿ ಒಮ್ಮೆ ಯಜಮಾನಪ್ಪನ ಮಗನ ಕಡೆ ನೋಡಿದರು. "ಇಲ್ಲ ಸಾರ್. ನಮ್ಮನೇಲಿ ಅಂಥದ್ದೆಲ್ಲ ಇಲ್ಲ" ಎಂದರು. ಮಲಗಿದ್ದ ನನ್ನ ಗಂಡ ಕಣ್ಣು ಬಿಟ್ಟು ಅವನನ್ನೇ ನೋಡಿ, ಮತ್ತೆ ಕಣ್ಣು ಮುಚ್ಚಿಕೊಂಡರು. ಜೀವ ಹೋಗುವ ಹಾಗಿರುವ ಮನುಷ್ಯ ಮಂಚದ ಮೇಲೆ ಮಲಗಿ ವೋಟು ಕಾಯುತ್ತಿದ್ದ. ಡಾಕ್ಟರು ನರ್ಸಿಗೆ ನೋವಿನ ಇಂಜೆಕ್ಷನ್ ಹೇಳಿದರು. ಕಲ್ಲಿನ ನೋವಿಗೆ ಕೊಡುವುದೇ ಅದನ್ನು, ಅವರ ತಪ್ಪಿಲ್ಲ. ನರ್ಸು ಸಿರಿಂಜಿಗೆ ಔಷಧಿ ಎಳೆದುಕೊಂಡು, ಬೆರಳಿನಲ್ಲಿ ಟಪ್ ಎಂದು ಹೊಡೆದು ಗುಳ್ಳೆ ತೆಗೆದರು. ನನ್ನ ಕಿವಿಗೆ ಈಗಲೂ ಬರುವುದು ಆ ಶಬ್ದ.

ನಾನು ನರ್ಸಿನ ಕೈ ಹಿಡಿದೆ.

"ಕಲ್ಲಲ್ಲ ಡಾಕ್ಟ್ರೇ. ಎಡಗಡೆ ಕಿಡ್ನಿಲಿ ಗಡ್ಡೆ ಇದೆ, ಕ್ಯಾನ್ಸರ್ ಇರಬಹುದು ಅಂತ ಇಲ್ಲೇ ಹೇಳಿದ್ದಾರೆ. ಹತ್ತು ದಿನದಿಂದ ನಾಟಿ ಪುಡಿ ಕುಡಿದಿದ್ದಾರೆ. ನೋವಿನ ಔಷಧಿ ಕೊಡಬಾರದು ಅಂತ ರಿಪೋರ್ಟಲ್ಲೇ ಬರೆದಿದೆ, ನೋಡಿ."

ಯಜಮಾನಪ್ಪನ ಮಗನ ಕೈಯಲ್ಲಿದ್ದ ಕಾರಿನ ಕೀಲಿ ಅಲ್ಲಾಡುವುದು ನಿಂತಿತು. ನಾದಿನಿ ನನ್ನನ್ನು ನೋಡಿದ ನೋಟದಲ್ಲಿ ತಮ್ಮನ ಜೀವಕ್ಕಿಂತ ಮೊದಲು ಡೈರೆಕ್ಟರ್ ಕುರ್ಚಿ ಮಗುಚಿ ಬಿದ್ದದ್ದು ಕಂಡಿತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಆಮೇಲೆ ಕಾರಿಡಾರಿನಲ್ಲಿ ನೆಲಕ್ಕೆ ಕುಸಿದು ಅತ್ತವರೂ ಅವರೇ. ಎರಡೂ ನಿಜ.

ರಕ್ತ ಪರೀಕ್ಷೆ ಬಂತು. ಮೂತ್ರಪಿಂಡಗಳು ಎರಡೂ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿದ್ದವು. ಗಡ್ಡೆಯಿದ್ದದ್ದು ಒಂದರಲ್ಲಿ, ಪುಡಿ ಪಕ್ಷಪಾತ ಮಾಡದೆ ಎರಡನ್ನೂ ಹೊಡೆದಿತ್ತು. ಆ ಇಂಜೆಕ್ಷನ್ನೂ ಬಿದ್ದಿದ್ದರೆ ವಾಪಸ್ ಬರುವುದು ಕಷ್ಟವಿತ್ತು ಎಂದು ಕಿರಿಯ ಡಾಕ್ಟರೇ ಆಮೇಲೆ ನನಗೆ ಹೇಳಿದರು, ಹೇಳುವಾಗ ಅವರ ಮುಖವೂ ಬಿಳಿಚಿಕೊಂಡಿತ್ತು. ಎರಡು ಸಲ ಡಯಾಲಿಸಿಸ್ ಆಯಿತು. ನನ್ನ ಗಂಡನ ರಕ್ತ ಒಂದು ನಳಿಕೆಯಲ್ಲಿ ಹೊರಗೆ ಹೋಗಿ ಯಂತ್ರದಲ್ಲಿ ಸೋಸಿಕೊಂಡು ಇನ್ನೊಂದು ನಳಿಕೆಯಲ್ಲಿ ಒಳಗೆ ಬರುವುದನ್ನು ನೋಡುತ್ತ ಕೂತೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಪ್ಯಾರಾ ಇದೆ. ಮಕ್ಕಳು ಅದನ್ನು ಬಿಟ್ಟು ಓದುತ್ತಾರೆ, ಪರೀಕ್ಷೆಗೆ ಬರುವುದಿಲ್ಲವೆಂದು.

ನಾಲ್ಕನೇ ದಿನ ಮೂತ್ರ ಬಂತು. ಮನುಷ್ಯರು ಯಾವ ಯಾವುದಕ್ಕೆ ದೇವರಿಗೆ ಕೈ ಮುಗಿಯುತ್ತಾರೆ ಎಂಬುದಕ್ಕೆ ಮಿತಿಯಿಲ್ಲ. ನಾನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಕೈ ಮುಗಿದೆ.

ಊರಿಗೆ ಸುದ್ದಿ ನಮಗಿಂತ ಮೊದಲೇ ಹೋಗಿತ್ತು. ಎಲೆಕ್ಷನ್ ನಡೆದ ದಿನ ನಮ್ಮನೆಯವರು ವಾರ್ಡಿನಲ್ಲಿ ಗಂಜಿ ಕುಡಿಯುತ್ತಿದ್ದರು. ಸೋತರು. ಗೆದ್ದವರು ಸೇಬು ಹಣ್ಣು ತಂದು ನೋಡಿಹೋದರು. ಯಜಮಾನಪ್ಪ ನಾವು ಮನೆಗೆ ಬಂದ ಮೇಲೆ ಬಂದರು. ಜಗಲಿಯಲ್ಲಿ ಅದೇ ಜಾಗದಲ್ಲಿ ಕೂತರು. ಪುಡಿಯ ಬಗ್ಗೆ ಏನಾದರೂ ಹೇಳುತ್ತಾರೆ ಎಂದು ಕಾದೆ.

"ಬೇಜಾರ್ ಮಾಡ್ಕೋಬೇಡ ಕಣಪ್ಪಾ" ಎಂದರು. "ನಮ್ಮನೆ ವೋಟೆಲ್ಲ ಆ ಕಡೆ ಹಾಕಿಸ್ಬಿಟ್ಟೆ. ಹುಷಾರಿಲ್ದೋನಿಗೆ ಯಾಕೆ ಸುಮ್ನೆ ಜವಾಬ್ದಾರಿ ಅಂತ."

ನಮ್ಮನೆಯವರು ಅವರ ಮುಖ ನೋಡಿದರು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕದ್ದು.

ಸುಧಾರಿಸಿಕೊಂಡ ಮೇಲೆ ನಿಧಾನದ ಡಾಕ್ಟರ ಬಳಿಗೆ ಹೋದೆವು. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಮೂತ್ರಪಿಂಡಗಳ ಶಕ್ತಿ ವಾಪಸ್ ಬಂದಿದೆ, ಪೂರ್ತಿ ಬಂದಿಲ್ಲ ಎಂದರು. ಗಡ್ಡೆ ಮಾತ್ರ ಇದ್ದ ಹಾಗೇ ಇತ್ತು. ಇಷ್ಟೆಲ್ಲ ಗಲಾಟೆಯಲ್ಲಿ ಮನೆಯಲ್ಲಿ ಶಾಂತವಾಗಿದ್ದದ್ದು ಅದೊಂದೇ. ಈಗ ದಾರಿಗಳು ಅವೇ, ತೂಕ ಬೇರೆ ಎಂದರು. ಕತ್ತರಿಸಿದರೆ ಗಡ್ಡೆಯ ಜೊತೆ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ, ಈಗ ಆ ಸ್ವಲ್ಪವೇ ಬಹಳ. ಸೂಜಿಯಲ್ಲಿ ಸುಟ್ಟರೆ ಹೋಗುವುದು ಕಡಿಮೆ, ಆದರೆ ಮತ್ತೆ ಬರುವ ಸಂಭವ ಸ್ವಲ್ಪ ಹೆಚ್ಚು. ಮೊದಲು ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಬಹುದು, ಅದೂ ಪ್ರತಿ ಸಲ ಖಚಿತ ಉತ್ತರ ಕೊಡುವುದಿಲ್ಲ. ಕಾದರೆ ಏನೂ ಹೋಗುವುದಿಲ್ಲ, ಕಾಯುವ ಧೈರ್ಯ ಬೇಕು.

"ತೆಗೆದುಬಿಡಿ" ಎಂದೆ ನಾನು.

"ಕಾಯೋಣ" ಎಂದರು ನಮ್ಮನೆಯವರು.

ಡಾಕ್ಟರು ಮತ್ತೆ ಕನ್ನಡಕ ಹಣೆಗೆ ಏರಿಸಿ, ಹೊರಗೆ ಹೋಗಿ ಕಾಫಿ ಕುಡಿದು ಒಂದೇ ಮಾತಿಗೆ ಬನ್ನಿ ಎಂದರು.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಾವು ಜಗಳವಾಡಿದೆವು. ಸುತ್ತಲೂ ಅವರವರ ಜಗಳದಲ್ಲಿದ್ದ ಜನ, ಯಾರೂ ತಿರುಗಿ ನೋಡಲಿಲ್ಲ. ಯಾರು ಕೊಟ್ಟರೂ ಕುಡಿಯುತ್ತೀರಿ, ಡಾಕ್ಟರು ತೆಗೆಯುತ್ತೇನೆ ಎಂದರೆ ಬೇಡ ಎನ್ನುತ್ತೀರಿ, ಇನ್ನೂ ಯಾವ ಎಲೆಕ್ಷನ್ ಬಾಕಿ ಇದೆ ಎಂದೆ. ಹರಿತವಾಗಿಯೇ ಕೇಳಿದೆ, ಕೇಳಿಸಿಕೊಳ್ಳುವ ಸರದಿ ಅವರದಾಗಿತ್ತು. ಅವರು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತಿದ್ದರು.

"ನಿಂಗೆ ನಿದ್ದೆ ಬರ್ಲಿ ಅಂತ ನನ್ನ ಕುಯ್ಸ್ಬೇಕಾ?" ಎಂದು ಕೇಳಿದರು.

ಗದರಿಕೆಯಿರಲಿಲ್ಲ, ನಿಜವಾಗಿಯೂ ಕೇಳಿದರು.

"ನಂಗೂ ನಿದ್ದೆ ಇಲ್ಲ ಕಣೆ. ಸ್ಕ್ಯಾನ್ ಆದ ದಿನದಿಂದ್ಲೂ ಇಲ್ಲ. ಯಾರ್ ಏನ್ ತಂದ್ರೂ ಯಾಕೆ ಕುಡಿದೆ ಅಂದ್ಕೊಂಡೆ? ವೋಟಿಗೆ, ಹೌದು. ಆದ್ರೆ ಕಲ್ಲು ಕಲ್ಲು ಅಂತ ಊರೆಲ್ಲ ಅಂತಿದ್ರೆ, ಕಲ್ಲಿನ ಮದ್ದು ಕುಡೀತಿದ್ರೆ, ನಂಗೂ ಒಂದೊಂದ್ಸಲ ಕಲ್ಲೇ ಇರ್ಬೇಕು ಅನ್ಸೋದು. ಆ ಹೊತ್ತು ಚೆನ್ನಾಗಿರ್ತಿತ್ತು."

ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನುಷ್ಯ ನನ್ನೆದುರು ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ನನ್ನ ಉದ್ದಿನವಡೆಯನ್ನು ಅವರ ತಟ್ಟೆಗೆ ಹಾಕಿದೆ. ಅವರಿಗೆ ಉಪ್ಪು, ಎಣ್ಣೆ ಕಡಿಮೆ ಇರಲಿ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಅರ್ಧ ವಾಪಸ್ ತೆಗೆದುಕೊಂಡೆ.

ಒಂದೇ ಮಾತಿಗೆ ಬಂದೆವು. ಮೂರು ತಿಂಗಳು ಕಾಯುವುದು. ಬೆಳೆದಿದ್ದರೆ ಸೂಜಿಯಲ್ಲಿ ಸುಡಿಸುವುದು, ಅವರಿಂದ ತಕರಾರಿಲ್ಲ. ಬೆಳೆಯದಿದ್ದರೆ ಮತ್ತೆ ಕಾಯುವುದು, ನನ್ನಿಂದಲೂ ತಕರಾರಿಲ್ಲ. ಸುಳ್ಳು ಮಾತ್ರ ಇಲ್ಲ. ಅವರು ಡೇರಿ ಬಾಗಿಲಲ್ಲಿ ನಿಂತು, ಚೊಂಬು ಹಿಡಿದು ಬಂದವರಿಗೆಲ್ಲ "ಗಡ್ಡೆ ಕಣಪ್ಪಾ, ಇದಕ್ಕೆ ಏನೂ ಕುಡಿಯಂಗಿಲ್ಲ" ಎಂದು ಹೇಳತೊಡಗಿದರು. ಜನರ ಮುಖ ಗಂಭೀರವಾಗುತ್ತಿತ್ತು. ಮಾತು ನಿಲ್ಲಿಸಿ ಹಾಲಿನ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದರು. ಬಿಯರ್ ಗೆಳೆಯರೂ ಸುಮ್ಮನಾದರು. ನಮ್ಮ ಮನೆಗೆ ಬರುವವರು ಕಡಿಮೆಯಾದರು, ಬಂದವರು ಮೆಲ್ಲಗೆ ಮಾತಾಡಿದರು. ಬದುಕಿರುವ ಮನುಷ್ಯನ ಎದುರು ಅಷ್ಟು ಮೆಲ್ಲಗೆ ಮಾತಾಡುವುದನ್ನು ನಮ್ಮ ಊರಿನವರು ಎಲ್ಲಿ ಕಲಿತರೋ.

ಆ ಮೂರು ತಿಂಗಳು ನಿದ್ದೆ ತುಂಡು ತುಂಡಾಗಿ ಬರುತ್ತಿತ್ತು. ಅವರು ಮಗ್ಗುಲಾದರೆ ನಾನು ಏಳುತ್ತಿದ್ದೆ, ನಾನು ಎದ್ದರೆ ಅವರು ಕೆಮ್ಮುತ್ತಿದ್ದರು. ಗಡ್ಡೆಯನ್ನು ಕಾಯುವುದೆಂದರೆ ಮನೆಯಲ್ಲಿ ಒಬ್ಬ ನೆಂಟನನ್ನು ಇಟ್ಟುಕೊಂಡ ಹಾಗೆ. ಹೋಗು ಎನ್ನುವ ಹಾಗಿಲ್ಲ, ಇರು ಎನ್ನಲು ಮನಸ್ಸಿಲ್ಲ, ಅವನು ಊಟ ಜಾಸ್ತಿ ಮಾಡುತ್ತಿದ್ದಾನೆಯೇ ಎಂದು ಕದ್ದು ನೋಡುತ್ತಿರಬೇಕು.

ಸ್ಕ್ಯಾನಿನ ದಿನ ಬಂತು. ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಇನ್ನೊಮ್ಮೆ ಅಳೆದರು. "ಬೆಳೆದಿಲ್ಲ" ಎಂದರು. ರಕ್ತದ ಪರೀಕ್ಷೆಯೂ ಹಿಂದಿನದಕ್ಕಿಂತ ಸ್ವಲ್ಪ ಒಳ್ಳೆಯದಿತ್ತು. ಇದು ವಾಸಿಯಾಯಿತು ಎಂದಲ್ಲ, ಮುಂದಿನ ಸಲ ಬೆಳೆದಿರಲೂಬಹುದು ಎಂದು ಎಚ್ಚರಿಸಿದರು. ನಮ್ಮಿಬ್ಬರಿಗೂ ಅದು ಅರ್ಥವಾಯಿತು. ಸಾಯಂಕಾಲ ಮನೆಗೆ ಬಂದು, ಹಸು ಕರೆದು, ಸೊಪ್ಪಿನ ಸಾರಿಗೆ ಮುದ್ದೆ ಉಂಡು, ಟೀವಿಯನ್ನೂ ಹಾಕದೆ ಮಲಗಿದೆವು.

ಎಚ್ಚರವಾದಾಗ ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಹಾಲಿನ ಗಾಡಿ ಬಂದ ಸದ್ದಾಗಲಿ ಹೋದ ಸದ್ದಾಗಲಿ ನಾನು ಕೇಳಿರಲಿಲ್ಲ. ಹಸುಗಳು ಕೊಟ್ಟಿಗೆಯಲ್ಲಿ ಕೂಗಿಕೊಳ್ಳುತ್ತಿದ್ದವು. ಅದರ ಮೇಲೆ ಇನ್ನೊಂದು ಧ್ವನಿ, ಬಾಗಿಲ ಹೊರಗಿನಿಂದ, ರಾಗವಾಗಿ. ನನ್ನ ನಾದಿನಿಯದು. ಡೇರಿಗೆ ನಮ್ಮ ಹಾಲು ಬಂದಿಲ್ಲ, ಬಾಗಿಲು ತೆಗೆದಿಲ್ಲ, ಕೂಗಿದರೆ ಓಗೊಡುತ್ತಿಲ್ಲ ಎಂದು ಯಾರೋ ಹೋಗಿ ಹೇಳಿದ್ದಾರೆ. ಅವರಿಗೆ ಅಷ್ಟು ಸಾಕು. ಅಂಗಳದಲ್ಲಿ ಅರ್ಧ ಊರು ನಿಂತ ಗುಜುಗುಜು. ನಾದಿನಿ ಎದೆ ಬಡಿದುಕೊಂಡು, ಸತ್ತವರ ಗುಣಗಳನ್ನು ಒಂದೊಂದಾಗಿ ಹೇಳಿ ಅಳುವ ಹಾಗೆ ಅಳುತ್ತಿದ್ದರು. ನನ್ನ ತಮ್ಮ ಚಿನ್ನದಂಥೋನು, ಯಾರಿಗೂ ಇಲ್ಲ ಅಂದೋನಲ್ಲ, ಅಕ್ಕನ ಮಾತು ಮೀರಿದೋನಲ್ಲ, ಊರಲ್ಲೇ ಅವನಂಥ ಬುದ್ಧಿವಂತ ಇನ್ನೊಬ್ಬ ಇರ್ಲಿಲ್ಲ.

ನಾನು ಗಾಬರಿಯಾಗಿ ಪಕ್ಕಕ್ಕೆ ತಿರುಗಿದೆ. ನಮ್ಮನೆಯವರು ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದರು. ಪೂರ್ತಿ ನಿದ್ದೆ ಮಾಡಿದವರ ಮುಖ, ದಿಂಬಿನ ಗೆರೆ ಕೆನ್ನೆಯ ಮೇಲೆ ಅಚ್ಚಾಗಿತ್ತು. ನಾನು ಬಾಗಿಲು ತೆಗೆಯಲು ಏಳುತ್ತಿದ್ದರೆ ಸೆರಗು ಹಿಡಿದು ಎಳೆದರು.

"ಸ್ವಲ್ಪ ತಡಿಯೇ" ಎಂದರು. "ಬದುಕಿದ್ದಾಗ ಒಂದಿನಾನೂ ಹೇಳ್ಲಿಲ್ಲ ಅವ್ಳು. ಇನ್ನೂ ಏನೇನ್ ಹೇಳ್ತಾಳೋ ಕೇಳೋಣ."